ಷ್ನೌಜರ್ ತಳಿಯ ವೆಂಡೆಲಿನ್ ಅವರಿಗೆ, ತಮ್ಮ ತುರಿಕೆಯ ವಿಷಯವಾಗಿ

ಇವರಿಗೆ,
ಶ್ರೀ ವೆಂಡೆಲಿನ್ ಅವರು,
ಮೂರನೆಯ ಮಹಡಿ, ಅಡುಗೆಮನೆ,
ಕಿಟಕಿಯ ಕೆಳಗಿನ ಬೆತ್ತದ ಬುಟ್ಟಿ.

ಮಾನ್ಯರೇ,

ತಮ್ಮ ಗಡ್ಡಕ್ಕೆ, ಹುಬ್ಬಿಗೆ ಮತ್ತು ಸದಾ ನಿಗುರಿ ನಿಂತಿರುವ ಎರಡು ಕಿವಿಗಳಿಗೆ ಮೊದಲಾಗಿ ನನ್ನ ಗೌರವಪೂರ್ವಕ ವಂದನೆಗಳು. ಕ್ಷೇಮ ಸಮಾಚಾರ ವಿಚಾರಿಸಿ ಪತ್ರ ಆರಂಭಿಸುವುದು ವಾಡಿಕೆಯಾದರೂ, ತಮ್ಮ ಕ್ಷೇಮದ ವಿವರಗಳನ್ನು ಈ ಕಟ್ಟಡದ ಉಳಿದ ಮೂರೂ ಮನೆಯವರು, ಎದುರಿನ ಬೇಕರಿಯವರು ಮತ್ತು ಅಂಚೆಯವರು ನನಗಿಂತ ಚೆನ್ನಾಗಿ ಬಲ್ಲರೆಂಬುದು ಈಚೆಗೆ ಬಯಲಾಗಿರುವುದರಿಂದ, ಆ ವಾಡಿಕೆಯನ್ನು ಈ ಸಲಕ್ಕೆ ಕೈಬಿಟ್ಟಿದ್ದೇನೆ. ತಾವು ಅನ್ಯಥಾ ಭಾವಿಸಬಾರದು.

ತಮಗೆ ಓದಲು ಬಾರದೆಂಬುದನ್ನು ನಾನು ಅರಿಯದವನಲ್ಲ. ಅದಕ್ಕಾಗಿಯೇ ಇದನ್ನು ತಮ್ಮ ಬುಟ್ಟಿಯಲ್ಲಿ ಇಡದೆ, ಕೆಳಗೆ ಅಂಚೆಪೆಟ್ಟಿಗೆಗಳ ಮೇಲೆ, ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದೆಂದು ತಿಳಿಸುವ ಪಟ್ಟಿಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ. ಓದಲು ಬರುವವರು ಹತ್ತುವಾಗ ಅರ್ಧ, ಇಳಿಯುವಾಗ ಅರ್ಧ ಓದಲಿ. ಇದರಲ್ಲಿ ಅವರಿಗೆ ಸಲ್ಲಬೇಕಾದ ಪಾಲೂ ಸಾಕಷ್ಟಿದೆ.

ಬರೆಯುತ್ತಿರುವವನು ಯಾರೆಂದು ತಮಗೆ ವಾಸನೆಯಿಂದಲೇ ಗೊತ್ತಾಗುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ನಾನು ಗೊಟ್‌ಹಿಲ್ಫ್ ರೆಂಚ್ಲರ್, ತಮ್ಮ ಕೊರಳ ಹಗ್ಗದ ಇನ್ನೊಂದು ತುದಿ. ಸರ್ಕಾರದ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು, ಈ ನೆಕಾರ್ ನದಿ ಕಣಿವೆಯ ಮಾಂಸದಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ಕೂದಲೆಳೆಯಷ್ಟು ಕಡಿಮೆ ಬಂದರೂ ನೋಟಿಸು ಕೊಟ್ಟವನು. ನಿವೃತ್ತಿಯಾದ ಮೇಲೆ ನಮ್ಮೂರಿನ ಹೋಮಿಯೋಪಥಿ ಮಿತ್ರರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೇನೆ. ಔಷಧಿ ಕಡಿಮೆಯಾದಷ್ಟೂ ಅದರ ಬಲ ಹೆಚ್ಚುತ್ತದೆ ಎಂಬ ಮಾತನ್ನು ತಕ್ಕಡಿಯ ಅಧಿಕಾರಿಯೊಬ್ಬ ಹೇಗೆ ನಂಬಿದ ಎಂದು ನನ್ನ ಹೆಂಡತಿ ಗುಡ್ರುನ್ ಅಂದಿನಿಂದ ಕೇಳುತ್ತಲೇ ಬಂದಿದ್ದಾಳೆ. ಜೀವಮಾನವಿಡೀ ತೂಕ ನೋಡಿದವನಿಗೆ ಕೊನೆಗೆ ತೂಕವಿಲ್ಲದ್ದರ ಮೇಲೆ ಪ್ರೀತಿ ಹುಟ್ಟುವುದು ಸಹಜವೆಂದು ನಾನೂ ಉತ್ತರಿಸುತ್ತಲೇ ಬಂದಿದ್ದೇನೆ.

ಈಗ ದೂರಿಗೆ ಬರುತ್ತೇನೆ. ಕಳೆದ ವಸಂತದಲ್ಲಿ, ಹುಲ್ಲಿನಲ್ಲಿ ಉಣುಗುಗಳು ಏಳುವ ಮೊದಲೇ ತಮ್ಮ ರಕ್ಷಣೆಗೆಂದು ನಾನು ಸಂಘದ ಸಲಹೆಯಂತೆ ಗುಳಿಗೆಗಳನ್ನು ಆರಂಭಿಸಿದೆ. ಸೇಬಿನ ಮರಗಳು ಹೂಬಿಡುವ ಹೊತ್ತಿಗೆ ತಾವು ತುರಿಸಿಕೊಳ್ಳಲು ಆರಂಭಿಸಿದಿರಿ. ಮೊದಮೊದಲು ಕಿವಿಯ ಹಿಂದೆ, ಸಭೆಯಲ್ಲಿ ಕುಳಿತ ದೊಡ್ಡ ಮನುಷ್ಯರು ತುರಿಸಿಕೊಳ್ಳುವ ಹಾಗೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು. ಆಮೇಲೆ ಪಕ್ಕೆ, ಆಮೇಲೆ ಹೊಟ್ಟೆ, ಆಮೇಲೆ ಪಂಜಗಳ ಸಂದಿ. ಬೇಸಿಗೆ ಬರುವಷ್ಟರಲ್ಲಿ ತಾವು ಸಂಕೋಚವನ್ನು ಪೂರ್ತಿ ಬಿಟ್ಟು, ಅಡುಗೆಮನೆಯ ಹಲಗೆಯ ನೆಲದ ಮೇಲೆ ಅಡ್ಡ ಬಿದ್ದು, ಹಿಂಗಾಲಿನಿಂದ ದಬದಬನೆ ನೆಲ ಬಡಿಯುತ್ತ, ಕೆಳಮನೆಯ ಶ್ರೀ ಕ್ನೋಡ್ಲರ್ ಅವರ ತೂಗುದೀಪವನ್ನು ಅಲ್ಲಾಡಿಸುವ ಮಟ್ಟಕ್ಕೆ ಬಂದಿರಿ.

ಅದಕ್ಕೆ ತಾವು ಆರಿಸಿಕೊಂಡ ಹೊತ್ತನ್ನಾದರೂ ನೋಡಿ. ಮಧ್ಯಾಹ್ನ ಒಂದರಿಂದ ಮೂರರವರೆಗಿನ ಮೌನವನ್ನು ಈ ಕಟ್ಟಡದಲ್ಲಿ ಯಾರೂ ಮುರಿದವರಿಲ್ಲ. ಆ ಹೊತ್ತಿನಲ್ಲಿ ಮೊಳೆ ಹೊಡೆಯುವವರಿಲ್ಲ, ಜಮಖಾನೆ ಕೊಡವುವವರಿಲ್ಲ, ಗಂಡಹೆಂಡಿರ ಜಗಳವೂ ಮೂರು ಗಂಟೆಯವರೆಗೆ ತಡೆದುಕೊಳ್ಳುತ್ತದೆ. ಶ್ರೀ ಕ್ನೋಡ್ಲರ್ ಅವರು ಚರ್ಚಿನ ಆರ್ಗನ್ ವಾದಕರು. ಬೆಳಿಗ್ಗೆ ನುಡಿಸಿ, ಸಂಜೆ ಮತ್ತೆ ನುಡಿಸಬೇಕಾದವರು. ನಡುವೆ ಒಂದಿಷ್ಟು ಮಲಗಿದರೆ ಊರಿಗೇ ಒಳ್ಳೆಯದು. ಒಂದು ದಿನ ಅವರು ಮನೆಯ ಚಪ್ಪಲಿಯಲ್ಲೇ ಮೇಲೆ ಬಂದು ನಮ್ಮ ಹೊಸ್ತಿಲಲ್ಲಿ ನಿಂತರು. "ರೆಂಚ್ಲರ್ ಅವ್ರೇ, ನಾನು ಸಂಗೀತಗಾರ. ತಾಳ ಅಂದ್ರೆ ನನಗೂ ಇಷ್ಟಾನೇ. ಆದ್ರೆ ನಿದ್ದೆಗೆ ತಾಳ ಬೇಡ," ಎಂದರು. ತಾವು ಆಗ ಅವರ ಕಾಲ ಬಳಿ ಹೋಗಿ, ಅವರ ಚಪ್ಪಲಿಯ ಮೇಲೆ ಗಲ್ಲವಿಟ್ಟು, ಮುಗ್ಧತೆಯ ಮೂರ್ತಿಯಂತೆ ಅವರನ್ನೇ ನೋಡಿದಿರಿ. ಅವರು ಜೇಬಿನಲ್ಲಿ ಕೈಯಿಟ್ಟುಕೊಂಡೇ ಕೆಳಗಿಳಿದು ಹೋದರು. ಆ ಜೇಬಿನ ವಿಚಾರ ಆಮೇಲೆ ಬರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲನೆಯ ವಿನಂತಿ: ಇನ್ನು ಮುಂದೆ ಎಂದಾದರೂ ತುರಿಸಿಕೊಳ್ಳುವ ಪ್ರಮೇಯ ಬಂದರೆ, ದಯಮಾಡಿ ಮೂರು ಗಂಟೆಯ ನಂತರ, ಭಾನುವಾರ ಮತ್ತು ಹಬ್ಬದ ದಿನಗಳನ್ನು ಬಿಟ್ಟು, ಜಮಖಾನೆಯ ಮೇಲೆ, ಸಾಧ್ಯವಾದರೆ ಕಾಲಿಗೆ ಕಾಲುಚೀಲ ಹಾಕಿಕೊಂಡು ತುರಿಸಿಕೊಳ್ಳತಕ್ಕದ್ದು.

ತಮ್ಮ ತುರಿಕೆಯನ್ನು ನಾನು ಕಡೆಗಣಿಸಿದೆನೆಂದು ಯಾರೂ ಹೇಳುವಂತಿಲ್ಲ. ನಮ್ಮ ಪದ್ಧತಿಯಲ್ಲಿ ಚರ್ಮದ ತುರಿಕೆ ರೋಗವೇ ಅಲ್ಲ. ಒಳಗಿನ ರೋಗ ಮರ್ಯಾದೆಯಿಂದ ಹೊರಗೆ ಹೋಗಲು ಹುಡುಕಿಕೊಂಡ ಬಾಗಿಲು. ಮುಲಾಮು ಹಚ್ಚಿ ಆ ಬಾಗಿಲನ್ನು ಮುಚ್ಚಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಯೂ ಓಡಿಸಿದರೆ ಮನಸ್ಸಿಗೆ ಹೋಗುತ್ತದೆ, ಆಗ ನಾಯಿ ತುರಿಸಿಕೊಳ್ಳುವುದನ್ನು ನಿಲ್ಲಿಸಿ ಮಂಕಾಗಿ ಗೋಡೆ ನೋಡುತ್ತ ಕೂರುತ್ತದೆ ಎಂದು ಸಂಘದ ಶುಕ್ರವಾರದ ಸಭೆಗಳಲ್ಲಿ ನಾನೇ ಎಷ್ಟೋ ಬಾರಿ ವಿವರಿಸಿದ್ದೇನೆ. ಇದನ್ನೆಲ್ಲ ಗುಡ್ರುನ್‌ಗೂ ವಿವರಿಸಿದೆ. "ಚರ್ಮ ಮಾತಾಡ್ತಿದೆ, ಕೇಳಿಸ್ಕೋಬೇಕು," ಎಂದೆ. ಅವಳು ತಮ್ಮ ಹೊಟ್ಟೆಯ ಕೆಂಪು ತೋರಿಸಿ, "ಮಾತಾಡ್ತಿಲ್ಲ ಕಣ್ರೀ, ಕಿರಿಚ್ತಿದೆ. ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗೋಣ," ಎಂದಳು. ನಾನು ಒಪ್ಪಲಿಲ್ಲ.

ಒಪ್ಪದೆ, ಪದ್ಧತಿಯ ಪ್ರಕಾರ ತಮ್ಮ ಸಂಪೂರ್ಣ ವೃತ್ತಾಂತವನ್ನು ಸಂಗ್ರಹಿಸಲು ಕುಳಿತೆ. ಒಂದು ಜೀವಿಯ ತುರಿಕೆಗೆ ಮದ್ದು ಹುಡುಕಬೇಕಾದರೆ ತುರಿಕೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಬೇಕು. ತಾವು ಎಡಮಗ್ಗುಲಿಗೆ ಮಲಗುವಿರೋ ಬಲಮಗ್ಗುಲಿಗೋ? ಗುಡುಗಿಗೆ ಹೆದರುವಿರೋ ಅಥವಾ ಗುಡುಗಿಗೆ ಬೊಗಳುವಿರೋ? ಸಮಾಧಾನ ಮಾಡಿದರೆ ಹಿತವೋ, ಸಿಟ್ಟೋ? ಬಾಲ್ಯದಲ್ಲಿ ತಮ್ಮ ತಾಯಿಯಿಂದ ಅಗಲಿದ ದುಃಖ ಇನ್ನೂ ಉಳಿದಿದೆಯೋ? ಕನಸಿನಲ್ಲಿ ಏನು ಬರುತ್ತದೆ? ಇಷ್ಟು ಸರಳವಾದ ಪ್ರಶ್ನೆಗಳಿಗೆ ತಾವು ಆಕಳಿಸಿದಿರೇ ಹೊರತು ಬಾಯಿಬಿಡಲಿಲ್ಲ. ಕೊನೆಗೆ ತಮ್ಮ ಪರವಾಗಿ ನಾನೇ ಉತ್ತರಿಸಬೇಕಾಯಿತು. ನಡುವೆ ಒಳಗೆ ಬಂದ ಗುಡ್ರುನ್ ನನ್ನ ಉತ್ತರಗಳನ್ನು ಕೇಳಿಸಿಕೊಂಡು, "ಬೆಳಿಗ್ಗೆ ಎದ್ದ ತಕ್ಷಣ ಸಿಡುಕು, ಸ್ನಾನ ಅಂದ್ರೆ ಆಗಲ್ಲ, ಎಲ್ಲರಿಗೂ ಪಾಠ ಹೇಳೋ ಚಾಳಿ. ಇದು ನಾಯೀದಾ, ನಿಮ್ಮದಾ?" ಎಂದು ಕೇಳಿ ಹೋದಳು. ಹೇಗಿದ್ದರೂ ಆ ಲಕ್ಷಣಗಳೆಲ್ಲ ಗಂಧಕದ ಕಡೆಗೇ ಬೊಟ್ಟು ಮಾಡುತ್ತಿದ್ದವು.

ಹೀಗಾಗಿ ತಮಗೆ ಗಂಧಕ ನಿಗದಿಯಾಯಿತು. ಗಂಧಕವೆಂದರೆ, ಗಂಧಕವನ್ನು ನೀರಿನಲ್ಲಿ ಕಲಸಿ, ಆ ನೀರಿನ ಹನಿಯನ್ನು ಬೇರೆ ನೀರಿನಲ್ಲಿ ಕಲಸಿ, ಪ್ರತಿ ಸಲ ಸೀಸೆಯನ್ನು ಚರ್ಮದ ರಟ್ಟಿನ ಪುಸ್ತಕಕ್ಕೆ ಬಡಿದು, ಗಂಧಕಕ್ಕೆ ತಾನು ಎಂದಾದರೂ ಗಂಧಕವಾಗಿದ್ದೆನೆಂಬ ನೆನಪೂ ಉಳಿಯದಂತೆ ಮಾಡಿ, ಸಾಸಿವೆ ಗಾತ್ರದ ಸಕ್ಕರೆ ಗುಳಿಗೆಗೆ ಸೋಕಿಸಿದ್ದು. ತಾವು ಬರಿಯ ಗುಳಿಗೆಯನ್ನು ಮೂಸಿ ಮುಖ ತಿರುಗಿಸಿದ ಕಾರಣ, ಈ ಊರಿನಲ್ಲಿ ನಾಯಿಗಳಿಗೆ ಮಾತ್ರೆ ಕೊಡುವ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಬ್ರೆಡ್ಡಿಗೆ ಬಳಿದುಕೊಳ್ಳುವ ಮೆತ್ತನೆಯ ಲಿವರ್ ಸಾಸೇಜಿನ ಉಂಡೆಯೊಳಗೆ ಗುಳಿಗೆ ಹುದುಗಿಸಿ ಕೊಟ್ಟೆ. ಉಣುಗಿನ ಗುಳಿಗೆಗೂ ಇದೇ ಕ್ರಮವಿತ್ತು. ತಾವು ಕಣ್ಣುಮುಚ್ಚಿ, ಭಕ್ತಿಯಿಂದ, ಒಂದೇ ಗುಟುಕಿಗೆ ಸ್ವೀಕರಿಸಿದಿರಿ. ಇಷ್ಟು ವಿಧೇಯ ರೋಗಿಯನ್ನು ಸಂಘ ಕಂಡಿಲ್ಲವೆಂದು ನಾನು ಶುಕ್ರವಾರ ಹೇಳಿಕೊಂಡೆ.

ತುರಿಕೆ ಹೆಚ್ಚಾಯಿತು. ನನಗೆ ಸಂತೋಷವಾಯಿತು. ಸರಿಯಾದ ಮದ್ದು ತಗುಲಿದಾಗ ರೋಗ ಮೊದಲು ಕೆರಳುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ವಿಷಯ. ತುರಿಕೆ ಕಡಿಮೆಯಾದರೆ ಗುಣ, ಹೆಚ್ಚಾದರೆ ಇನ್ನೂ ಒಳ್ಳೆಯ ಗುಣ. ತಾವು ಪಕ್ಕೆಯ ಕೂದಲು ಕಳೆದುಕೊಂಡ ದಿನ ನಾನು ಸಂಘದ ಅಧ್ಯಕ್ಷರಿಗೆ ಫೋನು ಮಾಡಿ ಅಭಿನಂದನೆಗಳನ್ನು ಸ್ವೀಕರಿಸಿದೆ. ಈ ಕೆರಳುವಿಕೆ ಬೇಸಿಗೆ ಮುಗಿದರೂ ಮುಗಿಯದಿದ್ದಾಗ, ಯಾರೋ ಮಧ್ಯೆ ಕೈಹಾಕುತ್ತಿದ್ದಾರೆಂಬ ಅನುಮಾನ ಬಂದು, ಮೂರೂ ಮನೆಗಳ ಬಾಗಿಲು ತಟ್ಟಿ ಎಚ್ಚರಿಸಿ ಬಂದೆ: ವೆಂಡೆಲಿನ್ ಚಿಕಿತ್ಸೆಯಲ್ಲಿದ್ದಾರೆ, ಯಾರೂ ಏನನ್ನೂ ಕೊಡಬಾರದು, ಒಂದು ಮದ್ದಿನ ಮೇಲೆ ಇನ್ನೊಂದು ಬಿದ್ದರೆ ಎರಡೂ ಕೆಡುತ್ತವೆ. ಆರ್ಗನ್ನಿನ ಶ್ರೀ ಕ್ನೋಡ್ಲರ್ ಅವರು "ಛೇ ಛೇ" ಎಂದರು. ಮೊದಲನೆಯ ಮಹಡಿಯ ಶ್ರೀಮತಿ ಶ್ವೆಂಕ್, ಎಷ್ಟೋ ವರ್ಷ ಔಷಧಿ ಅಂಗಡಿ ನಡೆಸಿದವರು, "ನನಗೆ ಗೊತ್ತಿಲ್ವಾ ರೆಂಚ್ಲರ್ ಅವ್ರೇ," ಎಂದರು. ನೆಲಮಹಡಿಯ ಸೂಲಗಿತ್ತಿ ಟಬೆಯಾ ಮಾತ್ರ ತಮ್ಮ ಗಡ್ಡ ಸವರುತ್ತ, "ಪಾಪ ಅಂಕಲ್, ಎಷ್ಟು ಒದ್ದಾಡ್ತಾನೆ," ಎಂದಳು. ನಾನು ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಮೇಲೆ ಬಂದೆ.

ಆಗಲೇ ಶ್ರೀ ಕ್ನೋಡ್ಲರ್ ಅವರು ಮನೆ ಮಾಲೀಕರ ಸಭೆಗೆ ಒಂದು ವಿಷಯ ಸೇರಿಸಿದ್ದು: ಮೂರನೆಯ ಮಹಡಿಯ ನಾಯಿ ಕಟ್ಟಡದಲ್ಲಿ ಮುಂದುವರಿಯಬೇಕೇ ಬೇಡವೇ ಎಂಬುದು. ಗುಡ್ರುನ್ ಅಂದು ಊಟ ಬಡಿಸುವಾಗ ದನಿ ಎತ್ತದೆ ಹೇಳಿದಳು: "ಸಭೆವರೆಗೆ ನಿಮ್ಮ ಗುಳಿಗೆ. ಆಮೇಲೂ ಅವನು ಹೀಗೇ ಇದ್ರೆ, ದೂರದ ಫ್ರೀಸ್‌ಲಾಂಡಿನಲ್ಲಿರೋ ನಮ್ಮಣ್ಣನ ಮನೇಗೆ ಕಳಿಸ್ತೀನಿ. ಅಲ್ಲಿ ಕೆಳಮನೇನೂ ಇಲ್ಲ, ಮೌನದ ಹೊತ್ತೂ ಇಲ್ಲ. ಪ್ರಾಣಿ ನೆಮ್ಮದಿಯಾಗಿ ಇರ್ಲಿ." ಅವಳ ಅಣ್ಣ ಬುಟ್ಟಿಯನ್ನೂ ಕೊಂಡು ತಂದಿಟ್ಟನಂತೆ. ಆ ರಾತ್ರಿ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆದುಬಿಡುತ್ತೇನೆ: ತಾವಿಲ್ಲದ ಅಡುಗೆಮನೆಯಲ್ಲಿ ಕಾಫಿ ಕುಡಿಯುವುದು ನನ್ನಿಂದಾಗದು. ಮರುದಿನ ಗುಳಿಗೆಯ ಪ್ರಮಾಣ ಹೆಚ್ಚಿಸಿದೆ, ಅದಕ್ಕೆ ತಕ್ಕಂತೆ ಸಾಸೇಜನ್ನೂ.

ಸಭೆಯ ಹಿಂದಿನ ವಾರ ಮೆಟ್ಟಿಲು ಗುಡಿಸುವ ಸರದಿ ನಮ್ಮದಿತ್ತು. ಸರದಿಯ ಹಲಗೆ ನಮ್ಮ ಬಾಗಿಲ ಹಿಡಿಯಲ್ಲಿ ತೂಗುತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದವನಿಗೆ ಮೆಟ್ಟಿಲು ಗುಡಿಸುವುದು ಹೇಗೆಂದು ಯಾರೂ ಕಲಿಸಬೇಕಾಗಿಲ್ಲ. ಮೂಲೆಮೂಲೆಗೂ ಸಣ್ಣ ಪೊರಕೆ ಹೋಗಬೇಕು, ಕಂಬಿಯ ಬುಡಕ್ಕೂ ಬಟ್ಟೆ ಹೋಗಬೇಕು. ಹಾಗೆ ಗುಡಿಸುವಾಗ ನಮ್ಮ ಬಾಗಿಲಿನ ಹೊರಗೆ ಪುಟ್ಟ ಬಿಳಿ ಗುಳಿಗೆಗಳು ಕಂಡವು. ನನ್ನವೇ. ತಮ್ಮ ಗಡ್ಡದಿಂದ ಉದುರಿದವು. ಹತ್ತರಲ್ಲಿ ಒಂದೆರಡು ಉದುರಿದರೆ ಏನಾಯಿತೆಂದು ಗುಡಿಸಿದೆ. ಎರಡನೆಯ ಮಹಡಿಯಲ್ಲೂ ಇದ್ದವು. ಮೊದಲನೆಯದರಲ್ಲೂ ಇದ್ದವು. ನೆಲಮಹಡಿಯಲ್ಲಿ, ಟಬೆಯಾಳ ಬಾಗಿಲ ಮುಂದೆ, ಒಂದು ಹಿಡಿಯಷ್ಟು ಇದ್ದವು. ನನ್ನ ಗುಳಿಗೆಗಳನ್ನು ತಾವು ಅಷ್ಟು ದೂರ ಗಡ್ಡದಲ್ಲಿ ಹೊತ್ತು ಕೆಳಗೆ ತಂದಿರೆಂದುಕೊಂಡು, ಯಾರೂ ನೋಡುವ ಮೊದಲು ಎಲ್ಲವನ್ನೂ ಮೊರಕ್ಕೆ ತುಂಬಿ, ಬಾಯಿಗೆ ಬೀಗ ಹಾಕಿಕೊಂಡೆ. ಹಿಂದಿನ ವಾರಗಳಲ್ಲಿ ಗುಡಿಸಿದ ಉಳಿದ ಮೂರು ಮನೆಯವರೂ ಹಾಗೆಯೇ ಗುಡಿಸಿ, ಹಾಗೆಯೇ ಬೀಗ ಹಾಕಿಕೊಂಡಿದ್ದರೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಸಭೆ ನಡೆದದ್ದು ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ತಮ್ಮನ್ನೂ ಕರೆತಂದಿದ್ದೆವು, ಆರೋಪಿಯ ಗೈರುಹಾಜರಿಯಲ್ಲಿ ತೀರ್ಮಾನ ಮಾಡುವುದು ಸರಿಯಲ್ಲವೆಂದು. ನಿಜ ಹೇಳಬೇಕೆಂದರೆ, ತಮ್ಮ ಮುಖ ನೋಡಿದರೆ ಯಾರ ಕೈಯೂ ಮೇಲೇಳದು ಎಂಬ ಆಸೆಯೂ ಇತ್ತು. ತಮ್ಮ ವಿಷಯಕ್ಕೆ ಬರುವ ಮೊದಲು, ಮೆಟ್ಟಿಲ ಶುಚಿತ್ವದ ವಿಷಯ ಬಂತು. ಎದುರಿನ ಬೇಕರಿಯವರು ಬಂದು ಹೋಗುವಾಗ ಮೆಟ್ಟಿಲ ಮೇಲೆ ಬಿಳಿ ಕಾಳು ಕಂಡು, ಇಲಿಗೆ ವಿಷ ಇಟ್ಟಿದ್ದೀರಾ ಎಂದು ಕೇಳಿದರಂತೆ. ಗುಡ್ರುನ್ ಅದನ್ನೇ ಸಭೆಯ ಮುಂದಿಟ್ಟಳು. ಶ್ರೀಮತಿ ಶ್ವೆಂಕ್ ಕೆಮ್ಮಿದರು.

"ವಿಷ ಅಲ್ಲ," ಎಂದರು. "ಅಂದ್ರೆ, ಪಾಷಾಣವೇ. ಆದ್ರೆ ಪಾಷಾಣ ಇಲ್ಲದ ಪಾಷಾಣ. ಶುಚಿ ಜಾಸ್ತಿ ಇರೋ, ಚಡಪಡಿಸೋ ನಾಯಿಗಳಿಗೆ ಅದೇ ಕೊಡೋದು. ಸುಮ್ನೆ ಒಂದೊಂದು ಗುಳಿಗೆ ಕೊಟ್ಟಿದ್ದೀನಿ, ಅಷ್ಟೇ."

"ನೀವೂನಾ?" ಎಂದಳು ಟಬೆಯಾ, ಮತ್ತು ತುಟಿ ಕಚ್ಚಿಕೊಂಡಳು. ಅವಳು ತಮಗೆ ಕೊಡುತ್ತಿದ್ದದ್ದು ಅಡುಗೆ ಉಪ್ಪಿನ ಗುಳಿಗೆ, ಒಳಗೊಳಗೇ ನುಂಗಿಕೊಂಡ ದುಃಖಕ್ಕೆ. ಬಾಣಂತಿಯರಿಗೂ ಅದನ್ನೇ ಕೊಡುತ್ತಾಳಂತೆ.

ಇನ್ನು ಉಳಿದದ್ದು ಶ್ರೀ ಕ್ನೋಡ್ಲರ್ ಅವರು. ಅವರು ತಲೆಯೆತ್ತಿ ಚಾವಣಿ ನೋಡುತ್ತಿದ್ದರು. ಆಗ ತಾವು, ಮಾನ್ಯರೇ, ಮೇಜಿನ ಕೆಳಗಿನಿಂದ ಎದ್ದು, ಮೈ ಕೊಡವಿ, ಎಲ್ಲರೂ ನೋಡುತ್ತಿರುವಂತೆಯೇ ಅವರ ಬಳಿ ನಡೆದು ಹೋಗಿ, ತಮ್ಮನ್ನು ಕಟ್ಟಡದಿಂದ ಹೊರಹಾಕಬೇಕೆಂದು ವಿಷಯ ಮಂಡಿಸಿದ ಆ ಮಹನೀಯರ ಕೋಟಿನ ಬಲಜೇಬಿನೊಳಗೆ ಕಣ್ಣಿನವರೆಗೆ ಮುಖ ತೂರಿಸಿದಿರಿ. ಹೊರಗೆ ಬಂದಾಗ ತಮ್ಮ ಬಾಯಲ್ಲಿ ಬೆಳ್ಳಿಕಾಗದದ ಪೊಟ್ಟಣವಿತ್ತು, ಪೊಟ್ಟಣದಲ್ಲಿ ಲಿವರ್ ಸಾಸೇಜಿತ್ತು, ಸಾಸೇಜಿನಲ್ಲಿ ಗುಳಿಗೆಯಿತ್ತು.

"ಜೇನುನೊಣದ ಗುಳಿಗೆ," ಎಂದರು ಶ್ರೀ ಕ್ನೋಡ್ಲರ್ ನೆಲ ನೋಡುತ್ತ. "ಕೆಂಪಗೆ ಊದ್ಕೊಂಡಿತ್ತಲ್ಲ, ಅದಕ್ಕೆ. ಅವನು ದಿನಾ ಬಾಗಿಲ ಹತ್ರ ಬಂದು ಕೂತ್ಕೋತಾನೆ. ಏನ್ ಮಾಡ್ಲಿ? ಸದ್ದು ನಿಲ್ಲಿಸ್ಬೇಕಿತ್ತು, ನಾಯೀನಲ್ಲ."

ತಾವು ಎಲ್ಲರೆದುರಿಗೆ ಪೊಟ್ಟಣ ಬಿಚ್ಚಿ, ಸಾಸೇಜನ್ನು ನುಂಗಿ, ನಾಲಿಗೆಯನ್ನು ಒಮ್ಮೆ ಮೂತಿಯ ಸುತ್ತ ಆಡಿಸಿ, ಸಣ್ಣ ಬಿಳಿ ಗುಳಿಗೆಯೊಂದನ್ನು ಸಿಮೆಂಟಿನ ನೆಲದ ಮೇಲೆ ಟಪ್ಪೆಂದು ಉದುರಿಸಿದಿರಿ. ಅದು ಉರುಳಿಕೊಂಡು ನನ್ನ ಬೂಟಿನ ಬಳಿ ಬಂದು ನಿಂತಿತು. ಗುಡ್ರುನ್ ಅದನ್ನು ನೋಡಿದಳು, ತಮ್ಮನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹಾಗಾದ್ರೆ ದಿನಾ ಒಬ್ಬನೇ ಹಿತ್ತಲಿಗೆ ಹೋಗಿ ಬರೋ ಇವನು ಇಳಿಯೋವಾಗ ನಾಲ್ಕು ಬಾಗಿಲು, ಹತ್ತೋವಾಗ ನಾಲ್ಕು ಬಾಗಿಲು," ಎಂದಳು. "ಗುಳಿಗೆ ಎಲ್ಲ ಮೆಟ್ಟಿಲಿಗೆ, ಸಾಸೇಜೆಲ್ಲ ಇವನ ಹೊಟ್ಟೆಗೆ. ನಾಳೆ ಡಾಕ್ಟರಮ್ಮನ ಹತ್ರ ಹೋಗ್ತಿದ್ದೀವಿ. ಮತ ಹಾಕೋದು ಆಮೇಲೆ."

ಪಶುವೈದ್ಯೆಯ ಕೋಣೆಯಲ್ಲಿ ನಾನು ಗೋಡೆಗೆ ಒರಗಿ, ತಮ್ಮ ರೋಗವನ್ನು ಸೂಜಿಯಿಂದ ಒಳಗೆ ತಳ್ಳುವ ಗಳಿಗೆಗಾಗಿ ಎದೆ ಗಟ್ಟಿಮಾಡಿಕೊಂಡು ನಿಂತಿದ್ದೆ. ಆಕೆ ಸೂಜಿ ಮುಟ್ಟಲೇ ಇಲ್ಲ. "ಸಾಸೇಜು ಯಾವಾಗಿಂದ?" ಎಂದು ಕೇಳಿದಳು. ಉಣುಗಿನ ಗುಳಿಗೆ ಶುರುಮಾಡಿದಾಗಿನಿಂದ ಎಂದೆ. "ತುರಿಕೆ ಯಾವಾಗಿಂದ?" ಎಂದಳು. ಅದಾದ ಮೇಲೆ ಎಂದೆ. ಆಕೆ ನನ್ನ ಮುಖ ನೋಡಿದಳು. ಹಿಂದೆ ಮಾಂಸದಂಗಡಿಯವರ ತಕ್ಕಡಿಯಲ್ಲಿ ಹೆಬ್ಬೆರಳು ಕಂಡಾಗ ನಾನೂ ಅವರನ್ನು ಹಾಗೆಯೇ ನೋಡುತ್ತಿದ್ದೆ. "ಹಂದಿ ಮಾಂಸ ಇವನಿಗೆ ಒಗ್ಗಲ್ಲ ಅನ್ಸುತ್ತೆ. ಕುದುರೆ ಮಾಂಸ, ಆಲೂಗಡ್ಡೆ, ನೀರು. ಬೇರೆ ಏನೂ ಬೇಡ. ಯಾರೂ ಏನೂ ಕೊಡಬೇಡಿ. ಎಲೆ ಉದುರೋ ಹೊತ್ತಿಗೆ ನೋಡೋಣ," ಎಂದಳು. ನಾನು ಸಂಘದಲ್ಲಿ ವರ್ಷಗಟ್ಟಲೆ ಹೇಳಿದ ಮಾತುಗಳಲ್ಲಿ ಇಷ್ಟು ಚಿಕ್ಕದು ಒಂದೂ ಇರಲಿಲ್ಲ.

ಈಗ ನನ್ನ ಮುಖ್ಯ ದೂರು. ತಾವು ಎಲ್ಲವನ್ನೂ ಬಲ್ಲವರಾಗಿದ್ದಿರಿ. ನಾಲ್ಕು ಮನೆಗಳ ಗುಟ್ಟು ತಮ್ಮೊಬ್ಬರ ಹೊಟ್ಟೆಯಲ್ಲಿತ್ತು. ಒಂದೇ ಒಂದು ಬಾಗಿಲ ಮುಂದೆ ಒಂದೇ ಒಂದು ದಿನ ಮುಖ ತಿರುಗಿಸಿದ್ದರೆ ನಮಗೆ ಹೊಳೆಯುತ್ತಿತ್ತು. ತಾವು ಹಾಗೆ ಮಾಡಲಿಲ್ಲ. ಗಂಧಕವನ್ನು ಪಾಷಾಣದ ಮನೆಯವರಿಗೆ ತಿಳಿಸಲಿಲ್ಲ, ಪಾಷಾಣವನ್ನು ಜೇನುನೊಣದವರಿಗೆ ತಿಳಿಸಲಿಲ್ಲ, ಉಪ್ಪಿನವಳಿಗೆ ಯಾರ ವಿಚಾರವನ್ನೂ ತಿಳಿಸಲಿಲ್ಲ. ಇಷ್ಟು ಬಾಯಿ ಬಿಗಿ ಇರುವವರು ರಾಜತಾಂತ್ರಿಕ ಸೇವೆಯಲ್ಲಿ ಇರಬೇಕಾಗಿತ್ತು. ಮೈಯೆಲ್ಲ ಉರಿಯುತ್ತಿದ್ದರೂ ಆತಿಥ್ಯವನ್ನು ನಿರಾಕರಿಸದ ತಮ್ಮ ದಾಕ್ಷಿಣ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ನನ್ನ ಮಾನ ಹೋದದ್ದು ಆ ದಾಕ್ಷಿಣ್ಯದಿಂದಲೇ ಎಂಬುದನ್ನೂ ತಮ್ಮ ಅವಗಾಹನೆಗೆ ತರುತ್ತೇನೆ.

ಎಲೆ ಉದುರುವ ಮೊದಲೇ ತಾವು ತುರಿಸಿಕೊಳ್ಳುವುದನ್ನು ನಿಲ್ಲಿಸಿದಿರಿ. ಪಕ್ಕೆಯಲ್ಲಿ ಕೂದಲು ಬಂತು. ನಾಲ್ಕು ಮನೆಯವರೂ ಏನನ್ನೂ ಕೊಡುವುದಿಲ್ಲವೆಂದ ಮಾತಿಗೆ ತಪ್ಪಲಿಲ್ಲ, ಅದು ಸುಲಭವಾಗಿರಲಿಲ್ಲ. ಏಕೆಂದರೆ ತಾವು ಪ್ರತಿದಿನ ಇಳಿಯುವಾಗ ಮೊದಲಿನಂತೆಯೇ ಪ್ರತಿ ಬಾಗಿಲ ಮುಂದೆ ಕೂರುತ್ತಿದ್ದಿರಿ, ಮತ್ತು ಬಾಗಿಲುಗಳು ಮೊದಲಿನಂತೆಯೇ ತೆರೆಯುತ್ತಿದ್ದವು. ಒಂದು ಬೆಳಿಗ್ಗೆ ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದೆ. ಶ್ರೀ ಕ್ನೋಡ್ಲರ್ ಅವರು ಬಗ್ಗಿ, ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿ, "ಏನೂ ಇಲ್ಲ ಕಣೋ, ನೋಡು," ಎಂದು ಖಾಲಿ ಅಂಗೈ ಚಾಚಿದರು. ತಾವು ಮೂಸಿದಿರಿ. ಏನೂ ಇಲ್ಲವೆಂದು ತಿಳಿದ ಮೇಲೂ ಆ ಅಂಗೈಯನ್ನು ನಿಧಾನವಾಗಿ, ಪೂರ್ತಿಯಾಗಿ ನೆಕ್ಕಿದಿರಿ, ಆಮೇಲೆ ಮುಂದಿನ ಬಾಗಿಲಿಗೆ ಇಳಿದಿರಿ. ಅವರು ಆ ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ಹಿಡಿದುಕೊಂಡು ನಿಂತಿದ್ದರು. ನಾನು ಅಷ್ಟು ದಿನ ತಾವು ಸಾಸೇಜಿಗಾಗಿ ಕೂರುತ್ತಿದ್ದಿರೆಂದುಕೊಂಡಿದ್ದೆ. ನನ್ನ ಕಣ್ಣು ತುಂಬಿತೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ತುಂಬಿತು.

ಎರಡನೆಯ ಸಭೆಯಲ್ಲಿ ತಮ್ಮ ವಿಷಯವನ್ನು ಮಂಡಿಸಿದವರೇ ಹಿಂದಕ್ಕೆ ಪಡೆದರು. ಮತಕ್ಕೆ ಹಾಕಲೂ ಇಲ್ಲ. ಆದರೆ ತಮ್ಮನ್ನು ಗುಣಪಡಿಸಿದ ಮದ್ದು ಯಾವುದೆಂಬ ಬಗ್ಗೆ ಕಟ್ಟಡದಲ್ಲಿ ಇನ್ನೂ ಒಮ್ಮತವಿಲ್ಲ. ಶ್ರೀಮತಿ ಶ್ವೆಂಕ್ ಪಾಷಾಣವೆನ್ನುತ್ತಾರೆ, ಟಬೆಯಾ ಉಪ್ಪೆನ್ನುತ್ತಾಳೆ, ಗುಡ್ರುನ್ ಕುದುರೆ ಎನ್ನುತ್ತಾಳೆ. ನಾನು ಸಂಘದಲ್ಲಿ ಮಂಡಿಸಿದ ವಿವರಣೆಯೇ ಬೇರೆ: ತಾವು ಗುಳಿಗೆಯನ್ನು ನುಂಗದೆ, ಅದರ ಪಕ್ಕದಿಂದ ಹಾದುಹೋದ ಸಾಸೇಜನ್ನು ಮಾತ್ರ ನುಂಗಿದ್ದರಿಂದ, ಔಷಧಿ ತಮ್ಮೊಳಗೆ ಹೋಗಿದ್ದು ಈವರೆಗೆ ಯಾರೂ ಸಾಧಿಸದ ಸೂಕ್ಷ್ಮ ಪ್ರಮಾಣದಲ್ಲಿ, ಅಂದರೆ ಇಲ್ಲವೇ ಇಲ್ಲ ಎಂಬ ಪ್ರಮಾಣದಲ್ಲಿ. ಇದಕ್ಕಿಂತ ಬಲವಾದ ಮದ್ದು ಇರಲು ಸಾಧ್ಯವಿಲ್ಲ. ಅಧ್ಯಕ್ಷರು ಎದ್ದು ನಿಂತು ಕೈಕುಲುಕಿದರು.

ಅಲ್ಲಿಗೇ ನಿಲ್ಲಿಸಿದರೆ ನಾನು ಕಾರ್ಯದರ್ಶಿಯಾಗಿ ಏನು ಪ್ರಯೋಜನ? ಯಾವುದು ರೋಗವನ್ನು ತರುತ್ತದೆಯೋ ಅದರ ಸೂಕ್ಷ್ಮ ರೂಪವೇ ಆ ರೋಗಕ್ಕೆ ಮದ್ದು ಎಂಬುದು ನಮ್ಮ ಪದ್ಧತಿಯ ಬುಡ. ಲಿವರ್ ಸಾಸೇಜು ತಮ್ಮಲ್ಲಿ ತುರಿಕೆ ತಂದಿತೆಂದರೆ, ತುರಿಕೆಗೆ ಮದ್ದು ಏನೆಂದು ನಾನು ಹೇಳಬೇಕಾಗಿಲ್ಲ. ಜಗತ್ತಿನಲ್ಲಿ ಇನ್ನೂ ಯಾರೂ ತಯಾರಿಸದ ಆ ಮದ್ದನ್ನು ನಾನು ನಮ್ಮ ಅಡುಗೆಮನೆಯಲ್ಲಿ ಆರಂಭಿಸಿದ್ದೇನೆ; ಕಡಲೆ ಗಾತ್ರದ ಸಾಸೇಜನ್ನು ನೀರಿನಲ್ಲಿ ಕರಗಿಸಿ, ಹನಿ ತೆಗೆದು, ಮತ್ತೆ ಕರಗಿಸಿ, ಪ್ರತಿ ಸಲವೂ ಸೀಸೆಯನ್ನು ಗುಡ್ರುನ್‌ಳ ಅಜ್ಜಿಯ ಚರ್ಮದ ರಟ್ಟಿನ ಸ್ತೋತ್ರ ಪುಸ್ತಕಕ್ಕೆ ಜೋರಾಗಿ ಬಡಿಯುತ್ತಿದ್ದೇನೆ. ತಾವು ಬುಟ್ಟಿಯಿಂದ ತಲೆಯೆತ್ತಿ ಸೀಸೆಯನ್ನು ನೋಡುವ ನೋಟದಲ್ಲಿ ವೈಜ್ಞಾನಿಕ ಆಸಕ್ತಿಗಿಂತ ಬೇರೆಯದೇ ಆಸಕ್ತಿ ಕಾಣುತ್ತಿದೆ. ಅದನ್ನು ದಯವಿಟ್ಟು ಹತೋಟಿಯಲ್ಲಿಡಬೇಕಾಗಿ ಕೋರುತ್ತೇನೆ.

ಕೊನೆಯದಾಗಿ ಕೆಲವು ಕೋರಿಕೆಗಳು. ಬರುವ ಶುಕ್ರವಾರ ಸಂಘದ ಸಭೆಗೆ ಗುಣವಾದ ರೋಗಿಯಾಗಿ ತಾವು ಬಂದು, ಗುಣವಾದದ್ದು ಗಂಧಕದಿಂದ ಎಂಬರ್ಥ ಬರುವಂತೆ ಬಾಲ ಅಲ್ಲಾಡಿಸಬೇಕು. ಎಡಮಗ್ಗುಲೋ ಬಲಮಗ್ಗುಲೋ ಎಂಬ ಪ್ರಶ್ನೆಗೆ ಈಗಲಾದರೂ ಉತ್ತರ ಕೊಡಬೇಕು. ಮೆಟ್ಟಿಲ ಸಂದಿಯಲ್ಲಿ ಇನ್ನೂ ಉಳಿದಿರುವ ಗುಳಿಗೆಗಳನ್ನು, ಅವುಗಳನ್ನು ಉದುರಿಸಿದವರೇ ಮುಂದಿನ ಸರದಿಯಲ್ಲಿ ಬಾಲದಿಂದ ಗುಡಿಸಿಕೊಡಬೇಕು. ಮತ್ತು ಇವೆಲ್ಲ ಆಗದಿದ್ದರೂ, ಪ್ರತಿ ಬಾಗಿಲ ಮುಂದೆ ಕೂರುವ ತಮ್ಮ ಕ್ರಮವನ್ನು ಮಾತ್ರ ಬಿಡಬಾರದು; ನಮ್ಮ ಬಾಗಿಲೂ ಆ ಲೆಕ್ಕದಲ್ಲಿರಲಿ.

ತಮ್ಮ ಗಡ್ಡದ ಏಳಿಗೆಯನ್ನು ಸದಾ ಬಯಸುವ,

ತಮ್ಮ ವಿಶ್ವಾಸಿ,
ಗೊಟ್‌ಹಿಲ್ಫ್ ರೆಂಚ್ಲರ್
ತೂಕ ಮತ್ತು ಅಳತೆ ಇಲಾಖೆ (ನಿವೃತ್ತ)

ಮರೆತ ಮಾತು: ಈ ಪತ್ರ ಅಂಟಿಸಲು ಕೆಳಗೆ ಹೋದಾಗ, ಮುಂದಿನ ಸಭೆಗೆ ಶ್ರೀ ಕ್ನೋಡ್ಲರ್ ಅವರು ಸೇರಿಸಿರುವ ಹೊಸ ವಿಷಯ ಕಣ್ಣಿಗೆ ಬಿತ್ತು: ಮಧ್ಯಾಹ್ನದ ಮೌನದ ಹೊತ್ತಿನಲ್ಲಿ ಮೂರನೆಯ ಮಹಡಿಯಿಂದ ಮತ್ತೆ ದಬದಬ ಸದ್ದು ಬರುತ್ತಿದೆ, ಈ ಸಲ ನಾಯಿಯದಲ್ಲ. ತಮ್ಮ ಮತ ನನ್ನ ಕಡೆಗಿರಲಿ ಎಂದು ಕೇಳಿಕೊಳ್ಳುತ್ತೇನೆ. ಗುಡ್ರುನ್‌ಳ ಮತ ಯಾವ ಕಡೆಗೋ ತಿಳಿಯದು. ಅಣ್ಣನಿಗೆ ಫೋನು ಮಾಡಿ, ಫ್ರೀಸ್‌ಲಾಂಡಿನಲ್ಲಿ ತಮಗೆಂದು ತಂದಿಟ್ಟಿದ್ದ ಬುಟ್ಟಿ ಇನ್ನೂ ಖಾಲಿ ಇದೆಯೇ, ಮತ್ತು ಅದರಲ್ಲಿ ಎಷ್ಟು ತೂಕ ಹಿಡಿಸುತ್ತದೆ ಎಂದು ವಿಚಾರಿಸುತ್ತಿದ್ದಳು.